ಶ್ವೇತಾಚಲ ಪೀಠದ ಕಣ್ಣಿನ ಪಂಡಿತ

"ಈ ಭೂಮಂಡಲದಲ್ಲಿ ಎಲ್ಲಾದರೂ ಕಣ್ಣಿನ ರೋಗ ಉಳಿದಿದ್ದರೆ, ಆ ಊರಿಗೆ ನಾನಿನ್ನೂ ಹೋಗಿಲ್ಲ ಎಂದೇ ಅರ್ಥ!"

ಕರಡಿದುರ್ಗದ ಆಸ್ಥಾನದ ನಡುವೆ ನಿಂತು ಹೀಗೆಂದವರು ಪಂಡಿತ ಮಾರ್ತಾಂಡಭಟ್ಟರು. ಹೆಗಲಿಗೆ ಜರತಾರಿ ಶಾಲು, ಕೈಯಲ್ಲಿ ರೇಷ್ಮೆದಾರ ಸುತ್ತಿದ ಪತ್ರ. ಬಿಚ್ಚಿದರೆ ಬಂಗಾರದ ಅಕ್ಷರದಲ್ಲಿ 'ನೇತ್ರವೈದ್ಯ ಮಹಾಚಕ್ರವರ್ತಿ' ಎಂಬ ಬಿರುದು. ಕೆಳಗೆ ಜೋಳದ ರೊಟ್ಟಿಯಷ್ಟು ಅಗಲದ ಅರಗಿನ ಮುದ್ರೆ.

ಅರಸ ಬಿಲ್ಲಪ್ಪನಾಯಕನ ಮುಖ ಅರಳಿತು. ಅವನ ತಾಯಿ ಚೆಲುವವ್ವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮೊಮ್ಮಕ್ಕಳ ಕೆನ್ನೆ ಸವರಿ ಇವನು ಇಂಥವನು ಎಂದು ಗುರುತಿಸುವ ಪಾಡು. ಅರಮನೆಯ ಮುದಿ ವೈದ್ಯ ಮಾದರಸಯ್ಯ ಮಾತ್ರ, "ಪೊರೆ ಇನ್ನೂ ಬಲಿತಿಲ್ಲ ಬುದ್ಧೀ. ಸುಗ್ಗಿ ಮುಗಿಯಲಿ, ತೆಗೆಯೋಣ" ಎನ್ನುತ್ತಲೇ ಇದ್ದ.

"ಬಲಿಯುವುದಕ್ಕೆ ಅದೇನು ಹಲಸಿನಕಾಯೇ? ಬರುವ ಹುಣ್ಣಿಮೆಗೆ ನಾನು ತೆಗೆಯುತ್ತೇನೆ!" ಎಂದರು ಭಟ್ಟರು. "ಅಂದಹಾಗೆ, ಈ ಮುದುಕರ ಹತ್ತಿರ ಪತ್ರವಿದೆಯೇ?"

"ನಮ್ಮ ಗುರುಗಳು ಪತ್ರ ಕೊಡಲಿಲ್ಲ, ರೋಗಿಗಳನ್ನು ಕೊಟ್ಟರು" ಎಂದ ಮಾದರಸಯ್ಯ.

ಸಭೆ ಗೊಳ್ಳೆಂದಿತು. ಅಲ್ಲೇ ಅರಸನ ಅಪ್ಪಣೆಯಾಯಿತು. ಹುಣ್ಣಿಮೆಗೆ ಭಟ್ಟರಿಂದ ಚಿಕಿತ್ಸೆ. ಮಾದರಸಯ್ಯ ಇನ್ನು ಮನೆಗೆ ಹೋಗಬಹುದು.

ಆಗ ಎದ್ದವನು ಹಂಪಣ್ಣ. ಆಸ್ಥಾನದಲ್ಲಿ ಅವನಿಗೆ ಇಂಥದೇ ಕೆಲಸವೆಂದೇನೂ ಇರಲಿಲ್ಲ. ಅರಸನೆದುರು ಬಾಯಿಬಿಡಲು ಹೆದರದವನು ಅವನೊಬ್ಬನೇ, ಅದಕ್ಕೇ ಇಟ್ಟುಕೊಂಡಿದ್ದರು.

"ಭಟ್ಟರೇ, ತಮ್ಮದು ಯಾವ ಪೀಠ?"

"ಶ್ವೇತಾಚಲ ಮಹಾವಿದ್ಯಾಪೀಠ! ಕೇಳಿಲ್ಲವೇ?"

"ದಡ್ಡ ನಾನು, ಕೇಳಿಲ್ಲ. ಅದನ್ನು ಮಾನ್ಯ ಮಾಡಿದವರು ಯಾರು?"

"ಮಂದರಾಚಲ ಮಹಾವಿದ್ಯಾಪೀಠ!"

"ಮಂದರಾಚಲವನ್ನು ಮಾನ್ಯ ಮಾಡಿದವರು?"

"ಇನ್ಯಾರು? ಶ್ವೇತಾಚಲದವರೇ!"

"ಅಬ್ಬಾ, ಎಂಥ ಅನ್ಯೋನ್ಯ!" ಹಂಪಣ್ಣ ಕೈಮುಗಿದ. "ಹಾಗಾದರೆ ಈ ಮುದ್ರೆಯಿರುವ ಪತ್ರ ಹಿಡಿದು ಯಾರೇ ಬಂದರೂ ತಮ್ಮಷ್ಟೇ ಸಮರ್ಥರೋ?"

"ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅನುಮಾನ ಪಡುವವನು ಮೂರ್ಖ."

"ದೊರೆಗಳು ಕೇಳಿಸಿಕೊಂಡರಲ್ಲ, ಅಷ್ಟು ಸಾಕು" ಎಂದು ಹಂಪಣ್ಣ ಹೊರಬಿದ್ದ.

ಭಟ್ಟರ ಗಾಡಿ ಹೊಡೆಯುವವನಿಗೆ ಎಲೆಅಡಿಕೆ ಕೊಟ್ಟು, ಪೀಠದ ದಾರಿ ಕೇಳಿಕೊಂಡು, ಕುದುರೆಯೇರಿ ಹೊರಟ. ಬೆಟ್ಟವೂ ಇರಲಿಲ್ಲ, ಗುಡ್ಡವೂ ಇರಲಿಲ್ಲ. ಒಂದು ಸಂತೆಪೇಟೆ, ಅಲ್ಲೊಂದು ಹಗ್ಗದ ಅಂಗಡಿ, ಅದರ ಮೇಲೊಂದು ಅಟ್ಟ. ಬಾಗಿಲಲ್ಲಿ ತೂಗುಬಿಟ್ಟ ಹಲಗೆಯ ಮೇಲೆ 'ಶ್ವೇತಾಚಲ' ಎಂದಿತ್ತು. ಗಾಳಿ ಬೀಸಿ ಹಲಗೆ ತಿರುಗಿತು. ಹಿಂದುಗಡೆ 'ಮಂದರಾಚಲ'!

ಒಳಗೆ ಕುಲಪತಿಗಳು ಚಾಪೆಯ ಮೇಲೆ ಮಲಗಿ ಬೀಸಣಿಗೆ ಬೀಸಿಕೊಳ್ಳುತ್ತಿದ್ದರು.

"ಏನಾಗಬೇಕಪ್ಪ?"

"ಕಣ್ಣಿನ ಪಂಡಿತ ಆಗಬೇಕು. ಪಾಠ ಯಾವಾಗ ಶುರು?"

"ಪಾಠ ಬೇಕಿದ್ದರೆ ಪಕ್ಕದ ಬೀದಿಯ ಮಠಕ್ಕೆ ಹೋಗು. ಇಲ್ಲಿ ಪತ್ರ ಮಾತ್ರ. ಕಾಣಿಕೆ ಅಲ್ಲಿಡು, ಮಸಿ ಒಣಗುವ ತನಕ ಕೂತಿರು." ಮುದ್ರೆ ಒತ್ತಿದ ಮೇಲೆ ಇನ್ನೊಂದು ಮಾತು ಸೇರಿಸಿದರು: "ಅರಗು ಇನ್ನೂ ಬಿಸಿಯಿದೆ. ಜೊತೆಗೊಂದು ಜ್ಯೋತಿಷ್ಯವನ್ನೂ ಒತ್ತಿಬಿಡಲೇ?"

"ಬೇಡ ಸ್ವಾಮಿ, ಕಣ್ಣೊಂದೇ ಸಾಕು."

ಹುಣ್ಣಿಮೆಯ ಬೆಳಿಗ್ಗೆ ಚೆಲುವವ್ವ ಮಣೆಯ ಮೇಲೆ ಕೂತಿದ್ದಳು. ಭಟ್ಟರು ಸಲಕರಣೆ ಜೋಡಿಸುತ್ತಿರುವಾಗಲೇ ಹಂಪಣ್ಣ ಶಾಲು ಹೊದ್ದು ಬಂದ. ಒಂದು ಕೈಯಲ್ಲಿ ಪತ್ರ, ಇನ್ನೊಂದು ಕೈಯಲ್ಲಿ ಗೋಣಿಚೀಲ ಹೊಲಿಯುವ ದಬ್ಬಳ.

ಅರಸ ಎರಡೂ ಪತ್ರ ಹೋಲಿಸಿ ನೋಡಿದ. ಅದೇ ಬಿರುದು, ಅದೇ ಮುದ್ರೆ.

ಹಂಪಣ್ಣ ಭಟ್ಟರ ಮುಖಕ್ಕೆ ಮುಖವಿಟ್ಟು ದಿಟ್ಟಿಸಿದ. "ಅಯ್ಯೋ ಸಹಪಾಠಿಗಳೇ! ತಮ್ಮ ಬಲಗಣ್ಣಿಗೂ ಪೊರೆ ಬಂದಿದೆಯಲ್ಲ! ಈ ಕಣ್ಣಲ್ಲಿ ರಾಜಮಾತೆಯ ಕಣ್ಣು ಮುಟ್ಟುವುದೇ? ಬನ್ನಿ, ಮೊದಲು ತಮ್ಮದನ್ನು ತೆಗೆದುಬಿಡುತ್ತೇನೆ."

"ನನಗೆ ಪೊರೆಯಿಲ್ಲ!"

"ತಮ್ಮಷ್ಟೇ ಓದಿದವನು ಇದೆ ಎನ್ನುತ್ತಿದ್ದೇನೆ. ಅನುಮಾನವೇ?"

"ಹೌದಪ್ಪ, ಮೊದಲು ಅವರದಾಗಲಿ" ಎಂದಳು ಚೆಲುವವ್ವ. "ಅವರು ಕೂಗಿಕೊಳ್ಳದಿದ್ದರೆ ನನಗೂ ಧೈರ್ಯ ಬರುತ್ತದೆ."

ಅರಸ ತಲೆಯಾಡಿಸಿದ. ಭಟರು ಭಟ್ಟರನ್ನು ಹಿಡಿದು ಕೂರಿಸಿದರು. ದಬ್ಬಳ ಹತ್ತಿರ ಬಂತು, ಇನ್ನೂ ಹತ್ತಿರ ಬಂತು.

"ಮುಟ್ಟಬೇಡ!" ಭಟ್ಟರು ಕಿರುಚಿದರು. "ದೊರೆಗಳೇ, ಇವನಿಗೆ ವೈದ್ಯದ ಗಂಧಗಾಳಿಯೂ ಇಲ್ಲ! ಪತ್ರ ಕೊಂಡುಕೊಂಡು ಬಂದಿದ್ದಾನೆ!"

"ಓದಿ ಪಡೆದಿರಬಾರದೇ?" ಅರಸ ಕೇಳಿದ.

"ಅಲ್ಲಿ ಓದಿಸುವವರು ಯಾರಿದ್ದಾರೆ? ಇರುವುದು ಒಂದು ಅಟ್ಟ, ಒಂದು ಚಾಪೆ!"

ಅಂದುಬಿಟ್ಟು ನಾಲಿಗೆ ಕಚ್ಚಿಕೊಂಡರು. ಚೆಲುವವ್ವ ಎರಡೂ ಅಂಗೈಯಿಂದ ತನ್ನ ಕಣ್ಣು ಮುಚ್ಚಿಕೊಂಡಳು. ಅದನ್ನು ಕಂಡು ಅರಸನ ಮೈ ಬೆವರಿತು.

ಭಟ್ಟರನ್ನು ಕೋಟೆಯ ಹೊರಗೆ ದಬ್ಬಿಸಿ, ಅರಸ ತಾನೇ ಮಾದರಸಯ್ಯನ ಮನೆಗೆ ನಡೆದುಹೋಗಿ ಕರೆತಂದ. ಸುಗ್ಗಿ ಮುಗಿದ ಮೇಲೆ ಮುದಿ ವೈದ್ಯ ಪೊರೆ ತೆಗೆದ. ಪಟ್ಟಿ ಬಿಚ್ಚಿದ ದಿನ ಚೆಲುವವ್ವ ಮೊಮ್ಮಕ್ಕಳನ್ನು ಎದುರು ಕೂರಿಸಿಕೊಂಡು ನೋಡಿದ್ದೇ ನೋಡಿದ್ದು.

ಅಂದು ಅರಸ ಹಂಪಣ್ಣನನ್ನು ಕರೆದು ಕೇಳಿದ: "ಒಂದು ಮಾತು ಹೇಳು. ಭಟ್ಟ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಏನು ಮಾಡುತ್ತಿದ್ದೆ? ದಬ್ಬಳ ಚುಚ್ಚಿಬಿಡುತ್ತಿದ್ದೆಯಾ?"

"ಆ ಭಯವೇ ಇರಲಿಲ್ಲ ದೊರೆಗಳೇ" ಎಂದ ಹಂಪಣ್ಣ. "ಕಣ್ಣು ಒಪ್ಪಿಸುವಷ್ಟು ನಂಬಿಕೆ ಆ ಪತ್ರದ ಮೇಲೆ ಕೊಟ್ಟವನಿಗೂ ಇರಲಿಲ್ಲ, ತಂದವನಿಗೂ ಇರಲಿಲ್ಲ. ಇದ್ದದ್ದು ತಮಗೊಬ್ಬರಿಗೇ!"

ಮೊದಲು ನಕ್ಕವಳು ಚೆಲುವವ್ವ. ಅರಸನ ಮುಖ ಒಂದು ಗಳಿಗೆ ಕೆಂಪಾಯಿತು. ಆಮೇಲೆ ಅವನಿಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ ಕೊರಳ ಸರ ತೆಗೆದು ಹಂಪಣ್ಣನಿಗೆ ಹಾಕಿದ.