ಗಂಗಿ ಮಲಗ್ಯಾಳ

ಹೊಳೆಯ ದಡದಲ್ಲಿ ಅಮೃತಯ್ಯನವರ ಆಶ್ರಮ. ಊರೂರಿಗೆ ಹೋಗಿ ಚಿಕ್ಕ ಮಕ್ಕಳಿಗೆ ಅಕ್ಷರ ಕಲಿಸುವವರನ್ನು ಅವರು ಅಲ್ಲಿ ತಯಾರು ಮಾಡುತ್ತಿದ್ದರು.

ಶಿಷ್ಯ ಕೊಟ್ರೇಶನ ಓದು ಮುಗಿದಿತ್ತು. ಆಚೆ ದಡದ ಊರಿನವರು ತಮ್ಮ ಮಕ್ಕಳಿಗೆ ಒಬ್ಬ ಮೇಷ್ಟ್ರು ಬೇಕೆಂದು ಕೇಳಿದ್ದರು. ಮರುದಿನವೇ ಹೊರಡುವ ಆತುರ ಅವನಿಗೆ.

ಗುರುಗಳು ಅಂಬಿಗನ ಪುಟ್ಟ ಮಗಳು ಸಾವಂತ್ರಿಯನ್ನು ಕರೆತಂದು ಅವನ ಮುಂದೆ ಕೂರಿಸಿದರು.

"ಇವತ್ತು ಇವಳಿಗೆ ಕಲಿಸು. ನಿನ್ನ ಪ್ರಯಾಣದ ಮಾತು ಆಮೇಲೆ" ಎಂದು ಹೇಳಿ ಒಳಗೆ ಹೋದರು.

ಕೊಟ್ರೇಶ ಮರಳಿನ ಮೇಲೆ 'ಅ' ಬರೆದ. "ಹೇಳು, ಅ."

ಹುಡುಗಿ ಬಾಯಿ ಬಿಡಲಿಲ್ಲ.

ಅವಳ ಬೆರಳು ಹಿಡಿದು ತಿದ್ದಿಸಿದ. ಅವಳು ಕೈ ಎಳೆದುಕೊಂಡಳು. ಅವನು ಇನ್ನೂ ಬಿಗಿಯಾಗಿ ಹಿಡಿದ.

"ಹೇಳೋ ತನಕ ಬಿಡಲ್ಲ."

ಹುಡುಗಿ ಕೊಸರಿಕೊಂಡು ಓಡಿದಳು. ದಡಕ್ಕೆ ಕಟ್ಟಿದ್ದ ಅಪ್ಪನ ದೋಣಿ ಹತ್ತಿ, ನೀರಿನ ಕಡೆಯ ತುದಿಯಲ್ಲಿ ನಿಂತಳು. ಹೊಳೆ ತುಂಬಿ ಹರಿಯುತ್ತಿತ್ತು.

ಕೊಟ್ರೇಶ ಬೆನ್ನಟ್ಟಿ ಬಂದು ದೋಣಿಗೆ ಕಾಲಿಟ್ಟ. ದೋಣಿ ಓಲಾಡಿತು. ಹುಡುಗಿ ಇನ್ನಷ್ಟು ಹಿಂದೆ ಸರಿದಳು. ಅವಳ ಹಿಮ್ಮಡಿ ಅಂಚಿಗೆ ತಾಗಿತು.

"ನಿಲ್ಲು." ಹೊರಗೆ ಬಂದಿದ್ದ ಗುರುಗಳ ದನಿ ಬಹಳ ಮೆಲ್ಲಗಿತ್ತು.

"ಬಿದ್ದುಬಿಡ್ತಾಳೆ, ಗುರುಗಳೇ."

"ಅವಳು ಹೆದರಿರೋದು ನೀರಿಗಲ್ಲ. ಹಿಂದೆ ಬಾ."

ಅವನು ಹಿಂದೆ ಬಂದ.

ಗುರುಗಳು ದೋಣಿಯಿಂದ ದೂರದಲ್ಲೇ ಮರಳಿನ ಮೇಲೆ ಕುಳಿತರು.

"ಸಾವಂತ್ರಿ, ಈ ದೋಣಿಗೆ ಹೆಸರಿದೆಯೇನವ್ವ?"

ಹಗ್ಗ ಕಿರುಗುಟ್ಟಿತು. ಗುರುಗಳು ಕಾದರು.

"ಗಂಗಿ."

"ಗಂಗಿ ಈಗ ಏನು ಮಾಡ್ತಿದ್ದಾಳೆ?"

"ಮಲಗ್ಯಾಳ. ಮಂದೀನ್ನ ಹೊತ್ತು ಹೊತ್ತು ಸುಸ್ತಾಗೈತಿ."

ಗುರುಗಳು ಮರಳಿನಲ್ಲಿ ಬರೆದರು: ಗಂಗಿ ಮಲಗ್ಯಾಳ.

"'ಮಲಗಿದ್ದಾಳೆ' ಅಂತ ಬರೀಬೇಕಲ್ಲವೇ?" ಕೊಟ್ರೇಶ ಪಿಸುಗುಟ್ಟಿದ. ಗುರುಗಳು ಅವನತ್ತ ಒಮ್ಮೆ ನೋಡಿದರು. ಅವನು ತಲೆ ತಗ್ಗಿಸಿದ.

"ನೀನು ಹೇಳಿದ್ದನ್ನೇ ಇಲ್ಲಿ ಬರೆದಿದ್ದೀನಿ, ಸಾವಂತ್ರಿ" ಎಂದು ಗುರುಗಳು ಗಟ್ಟಿಯಾಗಿ ಓದಿದರು.

ಹುಡುಗಿ ಅಂಚು ಬಿಟ್ಟು ಮುಂದೆ ಬಂದಳು. "ಅದರಾಗ ಗಂಗಿ ಎಲ್ಲದಾಳ?"

ಗುರುಗಳು ಬೆರಳಿಟ್ಟು ತೋರಿಸಿದರು.

ಅವಳು ದೋಣಿಯಿಂದ ಇಳಿದು ಬಂದು ಕುಕ್ಕರಗಾಲಲ್ಲಿ ಕುಳಿತಳು.

'ಗಂ' ಮೇಲೆ ಬೆರಳಾಡಿಸಿದಳು. ಆಮೇಲೆ 'ಗಿ' ಮೇಲೆ.

"ಇವು ಎರಡೂ ಅಕ್ಕತಂಗೇರ ಇದ್ದಂಗ ಅದಾವು."

"ಹೌದಲ್ಲ" ಎಂದರು ಗುರುಗಳು.

ಅವಳಿಗೆ ಮಾತು ಬಂತು. ನಡುಹೊಳೆಯ ಸುಳಿ ಕಂಡರೆ ಗಂಗಿಗೆ ಯಾಕೆ ಆಗುವುದಿಲ್ಲ, ಆಗ ಅಪ್ಪ ಅವಳಿಗೆ ಏನು ಹೇಳಿ ಸಮಾಧಾನ ಮಾಡುತ್ತಾನೆ, ಎಲ್ಲ ಹೇಳತೊಡಗಿದಳು.

ಕೊಟ್ರೇಶ ಮುಂದೆ ಬಾಗಿದ. "ಗುರುಗಳೇ, ನನಗೆ ಈಗ ಅರ್ಥವಾಯಿತು. ನಾಳೆ ಹೊರಡಲೇ?"

ಗುರುಗಳು ಅವನ ಕಡೆ ತಿರುಗಲಿಲ್ಲ.

"ಸುಮ್ಮನೆ ಕೂತುಕೋ. ಮಗುವಿನ ಮಾತು ಇನ್ನೂ ಮುಗಿದಿಲ್ಲ."