ಬಾಯಿ ಮುಚ್ಚದ ಹಲ್ಲಿ, ಬಾಯಿ ಬಿಡದ ಮಾತ್ರೆ ಡಬ್ಬಿ

ಸೊಂಟದ ಆಪರೇಷನ್ ಆದಮೇಲೆ ಉಳಿದ ನೋವಿನ ಮಾತ್ರೆಗಳನ್ನು ಬಿಸಾಡೋಕೆ ಮನಸ್ಸು ಬಾರದೆ, ಚೆನ್ನಾಜಮ್ಮ ಅಡುಗೆಮನೆಯ ಬಿಸ್ಕತ್ತಿನ ಡಬ್ಬಿಗೆ ತುಂಬಿಟ್ಟಿದ್ದಳು.

"ನನ್ನ ಬೆಲೆ ನೋಡಿದೆಯಾ?" ಎಂದು ಡಬ್ಬಿ ಗೋಡೆ ಮೇಲಿನ ಹಲ್ಲಿಗೆ ಜಂಬ ಕೊಚ್ಚಿತು. "ಆಯಮ್ಮನ ತಮ್ಮ ದೇವಲಿಂಗ ವಾರವಾರ ಬರೋದು ನನಗೋಸ್ಕರವೇ."

"ಥೂ, ನಿನ್ನ ಮುಖಕ್ಕೆ! ಅಕ್ಕ ಹಿತ್ತಲಿಗೆ ಹೋದ ತಕ್ಷಣ ಮುಚ್ಚಳ ತೆಗೀತಾನೆ, ನೋವಿಲ್ಲದಿದ್ದರೂ ನುಂಗ್ತಾನೆ. ಹೀಗೇ ಆದರೆ ಮಲಗಿದವನು ಏಳೋದಿಲ್ಲ."

"ಮನೆ ಗುಟ್ಟು ನಿನಗ್ಯಾಕೆ?"

"ಗುಟ್ಟು ಹೊಟ್ಟೇಲಿ ಇಟ್ಟುಕೊಳ್ಳೋ ಜಾತಿ ನಂದಲ್ಲ ಕಣೇ."

ದೇವಲಿಂಗ ಮತ್ತೆ ಬಂದು ಡಬ್ಬಿಗೆ ಕೈ ಹಾಕಿದ. ಹಲ್ಲಿ ಲೊಚಲೊಚ ಎಂದು ಬಾಯಿ ಬಡಿದುಕೊಂಡಿತು. ಹಲ್ಲಿ ಲೊಚಗುಟ್ಟಿದರೆ ಏನೋ ನಿಜ ಇರುತ್ತೆ ಅಂತ ನಂಬುವ ಚೆನ್ನಾಜಮ್ಮ, ಏನು ಶಕುನವೋ ಎಂದು ಹಿತ್ತಲಿಂದ ಓಡಿಬಂದಳು. ತಮ್ಮನ ಮುಷ್ಟಿ ಬಿಡಿಸಿ ನೋಡಿದರೆ ಹಿಡಿ ತುಂಬ ಮಾತ್ರೆ.

"ನಡಿಯೋ ಆಸ್ಪತ್ರೆಗೆ. ನೀನೂ, ಈ ಡಬ್ಬೀನೂ!"

ಅವನನ್ನು ಡಾಕ್ಟರ ಮುಂದೆ ಕೂರಿಸಿ, ಮಾತ್ರೆಗಳನ್ನೆಲ್ಲ ಅಲ್ಲಿ ಬೇಡವಾದ ಔಷಧಿ ಹಾಕೋಕೆ ಇಟ್ಟಿದ್ದ ಪೆಟ್ಟಿಗೆಗೆ ಸುರಿದಳು.

ಈಗ ಡಬ್ಬಿ ತುಂಬ ಕೋಡುಬಳೆ. ದೇವಲಿಂಗ ಈಗಲೂ ವಾರವಾರ ಬರ್ತಾನೆ. ಮುಚ್ಚಳ ಮಾತ್ರ ಅಕ್ಕನ ಎದುರಿಗೇ ತೆಗೀತಾನೆ.