ಹುಣಸೆಮರದ ಬಾಣಂತನ

ಹೇಳ್ತೀನಿ, ಕೇಳಿ. ಮಧ್ಯದಲ್ಲಿ ಎದ್ದು ಹೋಗಬೇಡಿ, ಆಮೇಲೆ ಏನಾಯ್ತು ಏನಾಯ್ತು ಅಂತ ನನ್ನ ಪ್ರಾಣ ತಿನ್ನಬೇಡಿ.

ಹುಣಸೆದೊಡ್ಡಿ ಅಂತ ಒಂದು ಊರು. ಅಲ್ಲಿ ಪುಟ್ಟನಿಂಗಮ್ಮ ಅಂತ ಒಬ್ಬಳು. ಗಂಡ ತೀರಿಕೊಂಡಿದ್ದ. ಅವಳಿಗೆ ಅಂತ ಉಳಿದಿದ್ದು ಎರಡೇ. ಹಿತ್ತಲಲ್ಲಿ ಒಂದು ಹುಣಸೆಮರ, ಮನೇಲಿ ಜವರ ಅನ್ನೋ ಮಗ. ಇಪ್ಪತ್ತೈದು ವರ್ಷದ ಆಳು, ಎತ್ತಿನಂಥ ಮೈ, ಹಾಲಿನಂಥ ಮನಸ್ಸು. ಬುದ್ಧಿ? ಹೋಗ್ಲಿ ಬಿಡಿ, ನೀವೇ ನೋಡ್ತೀರಲ್ಲ!

ಒಂದಿನ ಅವ್ವ ಸಂತೆಗೆ ಹೊರಟಳು. "ಜವರಾ, ಕೋಳಿಗೂಡಿನ ಬಾಗ್ಲು ಕಾಯ್ಕೊಂಡಿರ್ಲಾ" ಅಂದಳು. ಜವರ ಬಾಗಿಲ ಮುಂದೆ ಕೂತ. ಕೂತವನು ಕದಲಲಿಲ್ಲ. ಮುಂಗುಸಿ ಹಿಂದುಗಡೆ ಮಣ್ಣು ಕೆರೆದು ಒಳಗೆ ನುಗ್ಗಿ ಮೂರು ಕೋಳಿ ತಿಂದು ಬಾಯೊರೆಸಿಕೊಂಡು ಹೋಯ್ತು. ಅವ್ವ ಬಂದು ಬಾಯಿ ಬಾಯಿ ಬಡಕೊಂಡರೆ ಇವನು, "ಬಾಗ್ಲಿಂದ ಒಂದು ಇರುವೇನೂ ಬಿಟ್ಟಿಲ್ಲ ಕಣವ್ವಾ!" ಅಂದ.

ಇಂಥ ಮಗ. ಇನ್ನು ಮರದ ಸುದ್ದಿಗೆ ಬರೋಣ.

ಆ ಮರಕ್ಕೆ ಪ್ರತಿ ವರ್ಷ ಹಕ್ಕಿ ಬರ್ತಿದ್ದವು. ಬಣ್ಣದ ಕೊಕ್ಕರೆ, ಚೀಲದಂಥ ಕೊಕ್ಕಿನ ಹೆಜ್ಜಾರ್ಲೆ, ನೂರಾರು. ಗೂಡು ಕಟ್ಟಿ, ಮೊಟ್ಟೆ ಇಟ್ಟು, ಮರಿ ಮಾಡಿ, ಮಳೆಗಾಲಕ್ಕೆ ಹಾರಿ ಹೋಗ್ತಿದ್ದವು. ಹೆಣ್ಣುಮಕ್ಕಳು ಹೆರಿಗೆಗೆ ತವರಿಗೆ ಬಂದಂಗೆ ಬಂದವೆ ಅಂತ ಪುಟ್ಟನಿಂಗಮ್ಮ ಆ ಮರದ ಹುಣಸೆಹಣ್ಣು ಬಡಿದು ಉದುರಿಸ್ತಾನೇ ಇರಲಿಲ್ಲ. ಆದರೆ ಮರ ಅವಳೊಬ್ಬಳದ್ದೇ ಅಲ್ಲವಲ್ಲ! ಅರ್ಧ ಪಾಲು ಪಕ್ಕದ ಮನೆ ಮೈದುನ ಚನ್ನಂಕೇಗೌಡನದು.

"ಹಣ್ಣಿಲ್ಲ, ಹುಳಿ ಇಲ್ಲ, ಬರೀ ಹಿಕ್ಕೆ! ಕಡಿದು ಇಟ್ಟಿಗೆ ಭಟ್ಟಿಗೆ ಹಾಕ್ತೀನಿ ಅತ್ತಿಗೆ!" ಅಂದ ಗೌಡ.

"ಅಯ್ಯೋ, ಮೊಟ್ಟೆ ಅವೆ ಕಣಪ್ಪಾ!"

"ಮೊಟ್ಟೆ ಇದ್ರೆ ಆಮ್ಲೆಟ್ ಮಾಡ್ಕೊ!"

ಅವಳು ಅಳುತ್ತಾ ಫಾರೆಸ್ಟ್ ಗಾರ್ಡು ಶಿವನಂಜಪ್ಪನ ಹತ್ತಿರ ಹೋದಳು. ಅವನು ಬಂದು ಜಗಲಿ ಮೇಲೆ ಕೂತು ಇಬ್ಬರಿಗೂ ಹೇಳಿದ, "ಪರಿಸರ ಪ್ರವಾಸ ಅಂತ ಒಂದೈತೆ. ಪ್ಯಾಟೆ ಮಂದಿ ಬತ್ತಾರೆ, ಹಕ್ಕಿ ನೋಡ್ತಾರೆ, ಮುದ್ದೆ ಉಣ್ತಾರೆ, ನಾಲ್ಕು ಕಾಸು ಕೊಟ್ಟು ಹೋಗ್ತಾರೆ. ಹಕ್ಕಿ ಹಂಗೇ ಇರ್ತವೆ, ಮರ ಹಂಗೇ ಇರ್ತದೆ, ಮನೆಗೂ ಒಂದು ದಾರಿ ಆಯ್ತದೆ."

"ನಮ್ಮ ಹಿತ್ಲು ನೋಡಕ್ಕೆ ಯಾರ್ ಬತ್ತಾರೆ ಸ್ವಾಮಿ?" ಅಂದಳು ಪುಟ್ಟನಿಂಗಮ್ಮ.

"ನಿಂಗೆ ಗೊತ್ತಿಲ್ಲವ್ವ. ಅಲ್ಲಿ ಅವರ ಕಿವಿಗೆ ಬರೀ ಹಾರನ್ನು. ತಾಯಿ ಹಕ್ಕಿ ಮರಿಗೆ ಗುಟುಕು ಕೊಡೋದು ನೋಡಿ ಎಷ್ಟ್ ಕಾಲ ಆಯ್ತೋ ಪಾಪ! ಅದಕ್ಕೇ ಹುಡುಕ್ಕೊಂಡು ಬತ್ತಾರೆ."

ಚನ್ನಂಕೇಗೌಡ ಮೀಸೆ ತಿರುವಿದ. "ಆಯ್ತು! ಯುಗಾದಿ ಒಳಗೆ ಮೂರು ಸಲ ಮಂದಿ ಬರ್ಲಿ, ಒಂದ್ ಸಲನಾದ್ರೂ ಮೆಚ್ಕೊಂಡು ಹೋಗ್ಲಿ. ಇಲ್ದಿದ್ರೆ ಗರಗಸ!"

ಅಡುಗೆಗೆ ಅವ್ವ ನಿಲ್ಲಬೇಕು. ಹಕ್ಕಿ ತೋರಿಸೋಕೆ ಯಾರು? ಜವರನೇ! ಅವ್ವ ತಾನೇ ಏನು ಮಾಡ್ತಾಳೆ?

ಗಾರ್ಡು ಹೋಗುವಾಗ ಜವರನ ಭುಜ ಹಿಡಿದು ಹೇಳಿದ, "ನೋಡಪ್ಪ, ಬಂದೋರು ಏನು ತಂದ್ರೋ ಅಷ್ಟನ್ನೂ ವಾಪಸ್ ತಗೊಂಡು ಹೋಗ್ಬೇಕು. ಒಂದು ಚೂರೂ ಇಲ್ಲಿ ಉಳೀಬಾರ್ದು!"

"ಉಳಿಯಲ್ಲ ಬುದ್ಧಿ!" ಅಂದ ಜವರ.

ಮೊದಲು ಬಂದವರು ಮೈಸೂರಿನ ವಿಶಾಲಾಕ್ಷಿ ಟೀಚರ್. ರಿಟೈರ್ ಆಗಿದ್ದರು. "ಮೂವತ್ತು ವರ್ಷ ಕೊಕ್ಕರೆ ಪಾಠ ಮಾಡಿದೆ ಕಣಮ್ಮ, ಒಂದು ದಿನ ಕೊಕ್ಕರೆ ನೋಡಿರಲಿಲ್ಲ!" ಅಂತ ಮರದ ಕೆಳಗೆ ಕೂತು ಕಣ್ಣು ತುಂಬಿಕೊಂಡರು. ಮುದ್ದೆ ಉಂಡರು. ಹೊರಡುವಾಗ ಪುಟ್ಟನಿಂಗಮ್ಮನ ಕೈಗೆ ಒಂದು ಡಬ್ಬಿ ಮೈಸೂರು ಪಾಕು, ಒಂದು ರವಿಕೆ ಕಣ ಕೊಟ್ಟು ಕಾರು ಹತ್ತಿದರು.

ಅವ್ವ ಒಂದು ತುಂಡು ಬಾಯಿಗೆ ಹಾಕ್ಕೊಂಡಿದ್ದಳು, ಅಷ್ಟೇ.

"ಅವ್ವಾ, ಬಾಯ್ಬಿಡು!"

"ಏನ್ಲಾ?"

"ಬಾಯ್ಬಿಡವ್ವಾ! ಚೂರೂ ಉಳೀಬಾರ್ದು!"

ಬಾಯಲ್ಲಿದ್ದಿದ್ದನ್ನ ಕಿತ್ತ. ಡಬ್ಬಿಗೆ ಹಾಕಿದ. ರವಿಕೆ ಕಣ ಕಿತ್ತ. ಓಡಿದ, ಓಡಿದ, ಕಾರಿನ ಕಿಟಕಿಯಿಂದ ಟೀಚರ್ ತೊಡೆ ಮೇಲೆ ಎಸೆದ. "ತಗೊಂಡೋಗಿ! ನಿಮ್ಮ ಕಸ ನೀವೇ ತಗೊಂಡೋಗಿ!" ಟೀಚರ್ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು, ಕಾರು ಹೊರಟುಹೋಯ್ತು.

ಗೋಡೆ ಆಚೆಯಿಂದ ಚನ್ನಂಕೇಗೌಡ ಕೂಗಿದ, "ಒಂದ್ ಆಯ್ತು ಅತ್ತಿಗೆ!"

ಅವ್ವ ಪೊರಕೆ ಎತ್ತಿದಳು. "ಅಯ್ಯೋ ನನ್ನ ಹೊಟ್ಟೆ ಉರಿಸಕ್ಕೆ ಹುಟ್ಟಿದೋನೆ! ಬಂದೋರು ಕೈಲಿ ಕೊಟ್ರೆ ಎರಡೂ ಕೈಲಿ ಈಸ್ಕೋಬೇಕು! ಕಣ್ಗೊತ್ಕೋಬೇಕು! ಒಳಕ್ಕೆ ತಗೊಂಡೋಗಿ ಭದ್ರವಾಗಿ ಮಡಗ್ಬೇಕು ಕಣ್ಲಾ!"

"ಹಂಗೇ ಮಾಡ್ತೀನವ್ವ!"

ಎರಡನೇ ಸಲ ಬಂದವನು ಒಬ್ಬ ಫೋಟೋದವನು, ಹೆಸರು ಕಿರೀಟಿ. ತೋಳುದ್ದ ಕ್ಯಾಮೆರಾ. ಹೆಜ್ಜಾರ್ಲೆ ಮರಿ ತಾಯಿ ಬಾಯೊಳಗೆ ತಲೆ ತೂರಿಸಿ ಮೀನು ತಿನ್ನುತ್ತಲ್ಲ, ಆ ಒಂದು ಚಿತ್ರಕ್ಕೆ ಮೂರು ವರ್ಷದಿಂದ ಊರೂರು ಅಲೀತಿದ್ದನಂತೆ. ಬೆಳಗಿಂದ ಉಸಿರು ಬಿಗಿಹಿಡಿದು ಕಾದ. ಅಷ್ಟರಲ್ಲಿ ಶೂ ದಾರ ಬಿಚ್ಚಿಕೊಳ್ತು.

"ಒಂದ್ನಿಮಿಷ ಇದನ್ನ ಹಿಡ್ಕೊಳ್ಳಪ್ಪಾ."

ಜವರ ಎರಡೂ ಕೈಲಿ ಈಸ್ಕೊಂಡ. ಕಣ್ಗೊತ್ಕೊಂಡ. ಒಳಕ್ಕೆ ಓಡಿದ. ಭದ್ರವಾಗಿ ಮಡಗೋದು ಎಲ್ಲಿ? ರಾಗಿ ತುಂಬಿದ ದೊಡ್ಡ ಮಣ್ಣಿನ ವಾಡೆಯೊಳಗೆ! ಮೊಣಕೈವರೆಗೂ ತೂರಿಸಿ, ಮೇಲೆ ರಾಗಿ ಮುಚ್ಚಿ, ಚಪ್ಪಡಿ ಎಳೆದು, ಅದರ ಮೇಲೆ ತಾನೇ ಕೂತ.

ಇತ್ತ ತಾಯಿ ಹಕ್ಕಿ ಬಂತು. ಬಾಯಿ ತೆರೀತು. ಮರಿ ತಲೆ ತೂರಿಸ್ತು.

"ಕ್ಯಾಮೆರಾ! ಕ್ಯಾಮೆರಾ!" ಕಿರೀಟಿ ಕಿರುಚಿದ. "ಎಲ್ಲಯ್ಯಾ?"

"ಭದ್ರವಾಗೈತೆ ಸಾರ್!" ಒಳಗಿಂದ ಉತ್ತರ ಬಂತು.

ಕೊನೆಗೆ ಕ್ಯಾಮೆರಾ ಹೊರಬಂತು. ಬಗ್ಗಿಸಿದರೆ ರಾಗಿ ಸುರೀತು. ಇನ್ನೂ ಬಗ್ಗಿಸಿದರೆ ಇನ್ನೂ ಸುರೀತು. ಕಿರೀಟಿ ಊಟ ಕೂಡ ಮಾಡದೆ ಹೋದ.

"ಎರಡ್ ಆಯ್ತು ಅತ್ತಿಗೆ!"

ಅವ್ವ ಜವರನ ಕಿವಿ ಹಿಡಿದು ತಿರುಪಿದಳು. "ಬಂದೋರು ಹಕ್ಕಿ ನೋಡಕ್ಕೆ ಬಂದಿರ್ತಾರೆ ಕಣೋ ಮಂಕೇ! ಹತ್ತಿರದಿಂದ ನೋಡ್ಬೇಕು ಅಂತ ಆಸೆ ಇರ್ತದೆ. ಕಣ್ತುಂಬ ನೋಡಂಗೆ ಮಾಡ್ಬೇಕು, ಅದನ್ನ ಬಿಟ್ಟು ಅವರ ಸಾಮಾನು ಬಚ್ಚಿಡ್ತೀಯಾ? ಇದೊಂದೇ ಸಲ ಉಳಿದಿರೋದು ಕಣ್ಲಾ, ಇದೊಂದೇ!"

"ಕಣ್ತುಂಬ ತೋರಿಸ್ತೀನವ್ವ!"

ಮೂರನೇ ಸಲ ಬಂದವರು ಚಿತ್ರದುರ್ಗದ ಕಾಂಟ್ರಾಕ್ಟರ್ ಗುರುಸಿದ್ದಪ್ಪ. ದೊಡ್ಡ ಹೊಟ್ಟೆ, ಬಿಳೀ ಜುಬ್ಬ. ರಕ್ತದೊತ್ತಡ ಇಳೀಬೇಕಾದರೆ ಗಲಾಟೆ ಇಲ್ಲದ ಜಾಗದಲ್ಲಿ ಎರಡು ದಿನ ತೆಪ್ಪಗೆ ಕೂತಿರಿ ಅಂತ ಡಾಕ್ಟ್ರು ಹೇಳಿದ್ದರಂತೆ. ಮರ ನೋಡಿ ಮಗುವಿನಂಗೆ ಖುಷಿಯಾದರು. "ಆಹಾ! ಆ ಮರಿಗಳನ್ನ ಸ್ವಲ್ಪ ಹತ್ತಿರದಿಂದ ನೋಡಿದ್ರೆ ಹೆಂಗಿರ್ತಿತ್ತು!" ಅಂದರು.

"ತೋರಿಸ್ತೀನಿ ಬುದ್ಧಿ, ಇದರಲ್ಲಿ ಕೂತ್ಕಳಿ" ಅಂತ ಜವರ ಗೊಬ್ಬರ ಹೊರೋ ದೊಡ್ಡ ಮಂಕರಿ ತಂದಿಟ್ಟ. ಕೂರೋಕೆ ಕೊಟ್ಟಿದ್ದಾನೆ ಪಾಪ ಅಂತ ಅವರೂ ಕೂತರು. ಮಂಕರಿಗೆ ಬಾವಿ ಹಗ್ಗ ಬಿಗಿದಿತ್ತು. ಹಗ್ಗ ಕೊಂಬೆ ಮೇಲಿಂದ ಇಳಿದಿತ್ತು. ಇನ್ನೊಂದು ತುದಿ ಪಕ್ಕದ ಮನೆ ಎತ್ತಿನ ನೊಗಕ್ಕಿತ್ತು.

"ಹೊಯ್!" ಅಂದ ಜವರ.

ಎತ್ತು ಮುಂದಕ್ಕೆ ಹೋದವು, ಗುರುಸಿದ್ದಪ್ಪ ಮೇಲಕ್ಕೆ ಹೋದರು. "ಏ! ಏ! ಇಳ್ಸೋ!" ಅಂತಾನೇ ಹೋದರು. ಗೂಡಿನ ಮಟ್ಟಕ್ಕೆ ಬಂದು ನಿಂತರು. ಮೂಗಿಗೆ ಕೊಕ್ಕು, ಕೊಕ್ಕಿಗೆ ಮೂಗು! ಮರಿಗಳು ಹೆದರಿ ತಿಂದ ಮೀನನ್ನೆಲ್ಲ ಜುಬ್ಬದ ಮೇಲೆ ಕಕ್ಕಿದವು. ದೊಡ್ಡ ಹಕ್ಕಿಗಳು ಕೂಗಾಡಿ ಮೇಲೆದ್ದವು, ಏಳುವಾಗ ಹಿಕ್ಕೆ ಹಾಕಿದವು.

"ಕಣ್ತುಂಬ ಕಾಣ್ತದಾ ಬುದ್ಧೀ?"

ಕಣ್ಣಲ್ಲಿ ಜಾಗ ಎಲ್ಲಿತ್ತು? ಇಳಿಸಿದಾಗ ಗುರುಸಿದ್ದಪ್ಪ ಬೆಳ್ಳಗೆ ಸುಣ್ಣ ಬಳಿದ ಗೋಡೆಯಂಗೆ ಇದ್ದರು. ಒತ್ತಡ ಇಳೀತೋ ಏರ್ತೋ, ಕೇಳೋ ಧೈರ್ಯ ಯಾರಿಗೂ ಬರಲಿಲ್ಲ.

"ಮೂರ್ ಆಯ್ತು ಅತ್ತಿಗೆ! ನಾಳೆ ಬೆಳಿಗ್ಗೆ ಗರಗಸ!"

ಈ ಸಲ ಅವ್ವ ಹೊಡೆಯಲಿಲ್ಲ. ಮರಕ್ಕೆ ಒರಗಿ ಕುಸಿದು ಕೂತಳು, ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. "ಬಾಣಂತಿ ಇರೋ ಕಡೆ ಹಂಗೆ ಗಂಡಸರನ್ನ ನುಗ್ಗಿಸ್ತಾರಾ ಮಗಾ? ಹೆರಿಗೆಗೆ ಬಂದ ಹೆಣ್ಮಕ್ಳು ಕಣ್ಲಾ ಅವು. ಬಾಣಂತೀನ ಹೆಂಗೆ ನೋಡ್ಕೋತಾರೋ ಹಂಗೆ ನೋಡ್ಕೋಬೇಕು ಈ ಮರಾನ. ಇನ್ನೇನ್ ನೋಡ್ಕೋತೀಯಾ, ನಾಳೆ ಮರಾನೇ ಇರಲ್ಲ!"

ಬೆಳಗಾಗುತ್ತಲೂ ಗಾರ್ಡು ಶಿವನಂಜಪ್ಪನ ಕಾಲು ಹಿಡಿದಾದರೂ ಕರೆತರ್ತೀನಿ ಅಂತ ಅವ್ವ ಹೊರಟಳು. ಜವರ ಒಬ್ಬನೇ ಉಳಿದ. ಅವ್ವನ ಮಾತು ಕಿವಿಯಲ್ಲಿತ್ತು. ಬಾಣಂತಿ ಅಂದರೇನು ಅಂತ ಅವನಿಗೆ ಚೆನ್ನಾಗಿ ಗೊತ್ತು! ಪಕ್ಕದ ಮನೇಲಿ ಚನ್ನಂಕೇಗೌಡನ ಮಗಳು ಸುಗುಣ ಹೆತ್ತು ಹನ್ನೊಂದು ದಿನ. ಗೋಡೆ ಮೇಲಿಂದ ದಿನಾ ನೋಡ್ತಿದ್ದನಲ್ಲ.

ಹಂಡೆ ನೀರು ಕಾಯಿಸಿದ. ಬಿಸಿ ಹದ ಕೈಯಿಟ್ಟು ನೋಡಿದ. ಮರದ ಬುಡಕ್ಕೆ ಹರಳೆಣ್ಣೆ ತಿಕ್ಕಿದ, ನೀರು ಹುಯ್ದ. ಬಾಣಂತಿಗೆ ಸೊಂಟ ಬಿಗೀತಾರೆ ಅಂತ ಅವ್ವನ ಪೆಟ್ಟಿಗೆಯಿಂದ ಹಳೇ ನೂಲು ಸೀರೆ ತಂದು ಕಾಂಡಕ್ಕೆ ಏಳು ಸುತ್ತು ಬಿಗಿದ. ತಗ್ಗಿನ ಕೊಂಬೆಗೆ ತಲೆವಸ್ತ್ರ ಕಟ್ಟಿದ. ಪೊಟರೆಗಳೇ ಕಿವಿ ಇರಬೇಕು ಅಂತ ಎರಡಕ್ಕೂ ಹತ್ತಿ ತುರುಕಿದ. ಹಕ್ಕಿಗೆ ಕೆಮ್ಮು ಬರಬಾರದು ಅಂತ ಸಾಂಬ್ರಾಣಿ ಒಂದೇ ಚಿಟಿಕೆ ಹಾಕಿದ. ಅರಿಶಿನ ಕುಂಕುಮ ಇಟ್ಟ. ಬೆಳ್ಳುಳ್ಳಿ ಸಾರು ಬುಡಕ್ಕೆ ಸುರಿದ. ಬಾಣಂತಿ ತಲೆದೆಸೆಗೆ ಕಬ್ಬಿಣ ಇಡಬೇಕಲ್ಲ, ಕುಡುಗೋಲು ಹುಡುಕಿದ. ಸಿಗಲಿಲ್ಲ.

ಅಷ್ಟೊತ್ತಿಗೆ ಚನ್ನಂಕೇಗೌಡ ಗರಗಸದ ಮೇಸ್ತ್ರಿಯನ್ನ ಕರಕೊಂಡು ಬಂದ. ಅದೇ ಹೊತ್ತಿಗೆ ಅವ್ವನೂ ಗಾರ್ಡೂ ಓಡೋಡಿ ಬಂದರು.

"ಕಬ್ಬಿಣ ಬಂತು!" ಜವರ ಕುಣಿದುಬಿಟ್ಟ. ಎರಡೂ ಕೈಲಿ ಗರಗಸ ಈಸ್ಕೊಂಡ, ಕಣ್ಗೊತ್ಕೊಂಡ, ಮರದ ಬುಡದಲ್ಲಿ ಮಡಗಿದ. "ಚಿಕ್ಕಪ್ಪಾ, ಕಾಲು ತೊಳ್ಕೊಂಡು ಬಾ! ಹೊರಗಿಂದ ಬಂದ ಕಾಲಲ್ಲಿ ಬಾಣಂತಿ ಹತ್ರ ಬರಬಾರ್ದು!"

"ಏ ಮುಟ್ಠಾಳ! ಸರ್ಕೊ ಆ ಕಡೆ! ಮೇಸ್ತ್ರಿ, ಗರಗಸ ಎತ್ತು!"

ಮೇಸ್ತ್ರಿ ಎತ್ತಲಿಲ್ಲ. ಸೊಂಟ ಬಿಗಿದ ಸೀರೆ ನೋಡಿದ, ಕುಂಕುಮ ನೋಡಿದ, ಹರಳೆಣ್ಣೆ ವಾಸನೆ ಮೂಗಿಗೆ ಬಂತು. ಎರಡು ಹೆಜ್ಜೆ ಹಿಂದೆ ಸರಿದ. "ನನ್ ಕೈಲಾಗಲ್ಲ ಗೌಡ್ರೆ. ನಮ್ಮನೇಲೂ ಹೆಣ್ಮಕ್ಳವ್ರೆ. ನಿಮ್ಮನೇಲೂ ಒಬ್ಬಳು ಹೆತ್ತು ಮಲಗವಳೆ. ಸೀರೆ ಬಿಗಿದ ಸೊಂಟಕ್ಕೆ ಗರಗಸ ಹಚ್ಚು ಅಂತೀರಲ್ಲ!"

ಪುಟ್ಟನಿಂಗಮ್ಮನ ಕಣ್ಣು ಆ ಸೀರೆ ಮೇಲಿತ್ತು. ಇಪ್ಪತ್ತೈದು ವರ್ಷದ ಹಿಂದೆ ಜವರ ಹುಟ್ಟಿದಾಗ ಅವಳ ಸೊಂಟಕ್ಕೆ ಬಿಗಿದ ಸೀರೆ ಅದು. ಬಯ್ಯೋಕೆ ಬಂದವಳು ಸಡಿಲಾಗಿದ್ದ ಗಂಟನ್ನ ತಾನೇ ಬಿಗಿ ಮಾಡಿದಳು.

ಗೋಡೆ ಆಚೆ ಸುಗುಣನ ಕೂಸು ಅತ್ತಿತು. ಚನ್ನಂಕೇಗೌಡ ತಲೆ ಎತ್ತಿ ನೋಡಿದ. ಅಷ್ಟು ವರ್ಷ ಹಿಕ್ಕೆ ನೋಡಿದ್ದನೇ ಹೊರತು ಹಕ್ಕಿ ನೋಡಿರಲಿಲ್ಲ. ಉರಿಬಿಸಿಲಲ್ಲಿ ಒಂದು ಕೊಕ್ಕರೆ ರೆಕ್ಕೆ ಹರಡಿಕೊಂಡು ಮರಿಗಳಿಗೆ ನೆರಳು ಮಾಡಿ ನಿಂತಿತ್ತು, ಕದಲದೆ.

"ಮರಿ ಹಾರೋಗಂಟ ಇರ್ಲಿ" ಅಂದ ಗೌಡ.

"ಆಮೇಲೆ?" ಅಂದಳು ಅವ್ವ.

"ಆಮೇಲೆ ಏನು? ಮುಂದಿನ ವರ್ಷ ಮತ್ತೆ ಬತ್ತವಲ್ಲ ಹಾಳಾದೋವು! ಇರ್ಲಿ ಬಿಡು!"

ಅವ್ವ ಮಗನನ್ನ ಬಾಚಿ ತಬ್ಬಿಕೊಂಡಳು, ಬಯ್ದಳು, ಅತ್ತಳು, ಮತ್ತೆ ಬಯ್ದಳು. ಗಾರ್ಡೂ ಕಣ್ಣೊರೆಸಿಕೊಂಡ.

ಅಷ್ಟರಲ್ಲಿ ಬಾಗಿಲಲ್ಲಿ ಒಂದು ವ್ಯಾನು! ವಿಶಾಲಾಕ್ಷಿ ಟೀಚರು, ಅವರ ಹಿಂದೆ ಹತ್ತು ಜನ ರಿಟೈರಾದ ಟೀಚರುಗಳು. "ಎಷ್ಟೋ ಕಡೆ ನೋಡಿದೀನಿ, ಎಲ್ಲೆಲ್ಲೂ ಕಸ. ಈ ಹುಡುಗ ಮೈಸೂರು ಪಾಕಿನ ಚೂರೂ ಬಿಡಲಿಲ್ಲ ನೋಡ್ರೇ, ಇವನೇ!" ಅಂತ ಎಲ್ಲರಿಗೂ ತೋರಿಸಿದರು.

ಚನ್ನಂಕೇಗೌಡ ತಾನೇ ಹೋಗಿ ಕುರ್ಚಿ ತಂದ. ಅವ್ವ ಒಲೆ ಹೊತ್ತಿಸೋಕೆ ಓಡುತ್ತಾ ಜವರನಿಗೆ ಕೂಗಿ ಹೇಳಿದಳು, "ಇವರೂ ನಮ್ಮನೆ ಹೆಣ್ಮಕ್ಳೇ ಕಣ್ಲಾ! ಮರಾನ ನೋಡ್ಕೊಂಡಂಗೇ ನೋಡ್ಕೊ! ಭೇದ ಮಾಡಬೇಡ!"

"ಮಾಡಲ್ಲವ್ವ!"

ಸಂಜೆ ವ್ಯಾನಿನ ಡ್ರೈವರು ಹಾರನ್ ಹೊಡೆದ. ಯಾರೂ ಬರಲಿಲ್ಲ. ಮತ್ತೆ ಹೊಡೆದ. ಕೊನೆಗೆ ಇಳಿದು ಹಿತ್ತಲಿಗೆ ಹೋಗಿ ನೋಡಿದರೆ, ಮರದ ಕೆಳಗೆ ಸಾಲಾಗಿ ಹನ್ನೊಂದು ಟೀಚರುಗಳು! ತಲೆಗೆ ವಸ್ತ್ರ, ಕಿವಿಗೆ ಹತ್ತಿ, ನೆತ್ತಿಗೆ ಹರಳೆಣ್ಣೆ, ಕೈಯಲ್ಲಿ ಬೆಳ್ಳುಳ್ಳಿ ಸಾರಿನ ಲೋಟ. ವಿಶಾಲಾಕ್ಷಿ ಟೀಚರ್ ಲೋಟ ನೆಕ್ಕುತ್ತಾ, "ನಮ್ಮಮ್ಮ ಹೋದಮೇಲೆ ನನಗೆ ಯಾರು ಹಿಂಗೆ ಮಾಡಿದ್ರು ಹೇಳು!" ಅಂತಿದ್ದರು.

"ಹೊತ್ತಾಯ್ತು ಮೇಡಂ, ಹೊರಡೋಣ್ವಾ?" ಅಂದ ಡ್ರೈವರು.

ಹಿತ್ತಲ ಬಾಗಿಲಿಗೆ ಅಡ್ಡ ಚಾಪೆ ಹಾಕಿ, ತಲೆದೆಸೆಗೆ ಗರಗಸ ಇಟ್ಕೊಂಡು ಮಲಗಿದ್ದ ಜವರ ಎದ್ದು ಕೂತ.

"ಎಲ್ಲಿಗೆ ಹೊರಡೋದು? ನಲವತ್ತು ದಿನ ಆಗೋಗಂಟ ಒಬ್ಬರೂ ಹೊಸಿಲು ದಾಟಂಗಿಲ್ಲ!"